ಕೆರೆ ದಾರಿಯ ಕಬ್ಬಿಣದ ಸೇತುವೆ

ಕಳೆದ ವಾರ ಮನೆಯ ಗೇಟಿಗೆ ತುಕ್ಕು ತಡೆಯುವ ಕೆಂಪು ಬಣ್ಣ, ರೆಡ್ ಆಕ್ಸೈಡ್ ಹಚ್ಚಿಸಿದೆ. ಅದರ ವಾಸನೆ ಮೂಗಿಗೆ ಬಡಿಯುತ್ತಲೇ ಮಿಸ್ತ್ರಿ ನೆನಪಾದರು...

ಎಂಬತ್ತರ ದಶಕದ ಮಾತು. ಅತನೂರಿನ ನಮ್ಮ ಒಕ್ಕಲುತನದ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ಕಳೆ ತೆಗೆಯುತ್ತ, ಎಮ್ಮೆ ಕಾಯುತ್ತ ಓದಿ ಇಂಜಿನಿಯರಾಗಿ ಆಳಂದದ ಕಡೆ ಕೆಲಸಕ್ಕೆ ಸೇರಿದ್ದೆ. ಆ ಪದವಿಯ ಬಗ್ಗೆ ನನಗೆ ಇವತ್ತಿಗೂ ಹೆಮ್ಮೆಯಿದೆ. ಅದನ್ನು ಬಳಸಿದ ರೀತಿಯ ಬಗ್ಗೆ ಇಲ್ಲ.

ಸರಸಂಬಾ ದಾರಿಯ ಹಳ್ಳಕ್ಕೆ ನಿಜಾಮರ ಕಾಲದ ಸಣ್ಣ ಕಬ್ಬಿಣದ ಸೇತುವೆಯಿತ್ತು. ಪಕ್ಕದಲ್ಲಿ ಸಿಮೆಂಟಿನದು ಬಂದ ಮೇಲೆ, ಹಳೆಯದನ್ನು ಗುಜರಿಗೆ ಹಾಕುವುದು ಬೇಡ, ಬಿಚ್ಚಿ ತಂದು ಕೆರೆಯ ಸುತ್ತ ಜನ ಅಡ್ಡಾಡಲು ಮಾಡುತ್ತಿದ್ದ ಕಾಲುದಾರಿಗೆ ಕೂಡಿಸಿ ಎಂದು ಮೇಲಿನಿಂದ ಹುಕುಂ ಬಂತು. ಅದು ನನ್ನ ಮೊದಲ ಕೆಲಸ.

ಬಿಚ್ಚಲು ಬಂದ ಮಿಸ್ತ್ರಿ ದಿನಗೂಲಿಯವರು, ನನ್ನ ಅಪ್ಪನಿಗಿಂತ ಹಿರಿಯರು. ಆಳುಗಳೆಲ್ಲ ಮಿಸ್ತ್ರಿ ಕಾಕಾ ಅನ್ನುತ್ತಿದ್ದರು. ನಾನು ಬರೀ ಮಿಸ್ತ್ರಿ ಎಂದು ಏಕವಚನದಲ್ಲಿ ಕರೆಯುತ್ತಿದ್ದೆ.

ನಕ್ಷೆಯಲ್ಲಿ ಒಂದೇ ಅಳತೆ ತೋರಿಸಿದ್ದ ಕಬ್ಬಿಣದ ಪಟ್ಟಿಗಳಿಗೆಲ್ಲ ಒಂದೇ ನಂಬರು ಬರೆಸಿದೆ. ಮಿಸ್ತ್ರಿ ಹತ್ತಿರ ಬಂದರು.

"ಸಾಹೇಬ್ರ, ಇವು ನೋಡಾಕ ಒಂದೇ ನಮೂನಿ ಕಾಣ್ತಾವ್ರಿ. ಆದ್ರ ಆಗಿನವ್ರು ತೂತು ಕೈಲೆ ಕೊರದಾರ. ಒಂದರ ಜಾಗಾಕ ಇನ್ನೊಂದು ಕೂಡಂಗಿಲ್ರಿ."

ಆಳೊಬ್ಬ ನಕ್ಕ. "ಕಬ್ಬಿಣ ಏನ್ ಬೀಗರೇನೋ ಕಾಕಾ, ತಮ್ಮ ಜಾಗಾದಾಗೇ ಕೂಡ್ತೇವಂತ ಹಟಾ ಮಾಡಾಕ?"

ನಾನೂ ನಕ್ಕೆ. ಅಷ್ಟಕ್ಕೇ ಬಿಡಲಿಲ್ಲ. "ನಕ್ಷಾ ಓದಾಕ ಬರ್ತೈತೇನು ನಿನಗ?" ಎಂದು ಎಲ್ಲರೆದುರು ಕೇಳಿದೆ.

"ಇಲ್ರಿ."

"ಮತ್ತ ಸುಮ್ಕ ಬಿಚ್ಚು."

ಅವರು ಬಿಚ್ಚಿದರು. ನಾನು ತುಂಡುಗಳಿಗೆಲ್ಲ ಕೆಂಪು ಬಣ್ಣ ಬಳಿಸಿ, ಮೇಲೆ ಮತ್ತೆ ನಂಬರು ಹಾಕಿಸಿ ಕೆರೆಗೆ ಸಾಗಿಸಿದೆ.

ಅಲ್ಲಿ ಒಂದಕ್ಕೊಂದು ಕೂಡಲೇ ಇಲ್ಲ. ತೂತಿಗೆ ತೂತು ಹೊಂದಲಿಲ್ಲ. ಮಿಸ್ತ್ರಿಯನ್ನು ಕೇಳಲು ನನ್ನ ಜಂಬ ಬಿಡಲಿಲ್ಲ. ದಿನಗಳು ಕಳೆದವು, ದೊಡ್ಡ ಸಾಹೇಬರು ನೋಡಲು ಬರುತ್ತಾರೆಂದು ಸುದ್ದಿ ಬಂತು. ನನ್ನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಮಗ ಸೇತುವೆ ಕಟ್ಟಾಕತ್ತ್ಯಾನಂತ ಅಪ್ಪ ಊರೆಲ್ಲ ಹೇಳಿಕೊಂಡು ಬಂದಿದ್ದ. ನಾನು ಹೆದರಿದೆ. ಬಿಚ್ಚುವಾಗ ಮಿಸ್ತ್ರಿಯ ಅಜಾಗರೂಕತೆಯಿಂದ ಬಿಡಿಭಾಗಗಳು ಅದಲುಬದಲಾಗಿವೆ ಎಂದು ಟಿಪ್ಪಣಿ ಬರೆದು ಕಳಿಸಿದೆ. ಎರಡೇ ದಿನಕ್ಕೆ ಅವರನ್ನು ಕೆಲಸದಿಂದ ತೆಗೆದರು.

ಇಲಾಖೆಯ ಸುತ್ತಿಗೆ ಒಪ್ಪಿಸಲು ಬಂದ ಮಿಸ್ತ್ರಿ ಸಿಟ್ಟಾಗಲಿಲ್ಲ. ನನ್ನ ಮುಖ ನೋಡದೆ ಹೇಳಿದರು: "ತುದೀಗೆ, ಕೆಳಗಿನ ಮೈಗೆ ಬೆರಳಾಡಸ್ರಿ. ಎರಡು ಚುಕ್ಕಿ ಇದ್ದದ್ದಕ್ಕ ಎರಡು ಚುಕ್ಕಿದು, ಮೂರಕ್ಕ ಮೂರರದು. ಬಿಚ್ಚೂಕಿಂತ ಮೊದಲೇ ಉಳಿಲೆ ಹೊಡದಿಟ್ಟೇನ್ರಿ."

ಬಣ್ಣದ ಕೆಳಗೆ ಚುಕ್ಕೆಗಳು ಬೆರಳಿಗೆ ಸಿಕ್ಕವು... ಪ್ರತಿಯೊಂದು ತುಂಡಿನ ಮೇಲೂ. ಮೂರು ದಿನದಲ್ಲಿ ಸೇತುವೆ ನಿಂತಿತು. ದೊಡ್ಡ ಸಾಹೇಬರು ನನ್ನ ಬೆನ್ನು ತಟ್ಟಿದರು. ಇನ್ನೊಂದು ಟಿಪ್ಪಣಿ ಬರೆದು ಮೊದಲಿನದು ಸುಳ್ಳೆಂದು ಹೇಳಲು ಅರ್ಧ ಹಾಳೆ ಸಾಕಿತ್ತು. ಬರೆಯಲಿಲ್ಲ. ಮುಂದೆ ಜೇವರ್ಗಿಗೆ ವರ್ಗವಾಯಿತು. ಒಂದು ಸಲ ಹೋಗಿ ಮಿಸ್ತ್ರಿಯನ್ನು ಮಾತಾಡಿಸಬೇಕು ಅಂದುಕೊಳ್ಳುತ್ತಲೇ ವರ್ಷಗಳು ಹೋದವು. ಅವರು ತೀರಿಕೊಂಡದ್ದು ಗೊತ್ತಾದಾಗ, ನಾಚಿಕೆಗಿಂತ ಮೊದಲು ಮನಸ್ಸಿಗೆ ನಿರಾಳವೆನಿಸಿತು. ಅದನ್ನು ಬರೆಯಲು ಇವತ್ತಿಗೂ ಕೈ ತಡೆಯುತ್ತದೆ.

ಮೊನ್ನೆ ಬೆಳಿಗ್ಗೆ ಆ ಕೆರೆ ದಾರಿಗೆ ಹೋಗಿದ್ದೆ. ವಾಕಿಂಗಿಗೆ ಬಂದ ಪರಿಚಯದ ಮಾಸ್ತರರೊಬ್ಬರು ನನ್ನನ್ನು ತಮ್ಮ ಗೆಳೆಯನಿಗೆ ತೋರಿಸಿದರು. "ಈ ಬ್ರಿಜ್ ಹಳ್ಳದಿಂದ ತಂದು ಕೂಡಿಸಿದ ಸಾಹೇಬ್ರು ಇವ್ರೇರಿ."

"ನಾ ಅಲ್ರಿ," ಅಂದೆ. "ಒಬ್ಬ ಮಿಸ್ತ್ರಿ ಇದ್ರು. ಅವರಿಂದ ನಿಂತದ್ರಿ ಇದು. ಅವರಿಗೆ ನಾನು..."

"ನೋಡಿದ್ರೇನು!" ಮಾಸ್ತರರು ಅಷ್ಟಕ್ಕೇ ಮಾತು ಹಿಡಿದರು. "ದೊಡ್ಡ ಮನುಷ್ಯಾರು ಹಿಂಗೇರಿ. ತಮ್ಮ ಹೆಸರೇ ಬ್ಯಾಡ ಅಂತಾರ."

ಗೆಳೆಯ ನನಗೆ ಬಗ್ಗಿ ಕೈಮುಗಿದ. ನಾನೂ ಕೈಮುಗಿದೆ.