ಗುಡಿಸದ ಅಂಗಳ

ನಾನು ಅಂಗಳ ಗುಡಿಸುವುದನ್ನು ಬಿಟ್ಟು ಮೂರು ವರ್ಷವಾಯಿತು. ಇದನ್ನು ಇಷ್ಟು ರಾಜಾರೋಷವಾಗಿ ಬರೆದುಕೊಳ್ಳುವ ಹೆಂಗಸು ನಮ್ಮ ಕುಂಭಾಶಿ ಕಡೆಯಲ್ಲಿ ಇನ್ನೊಬ್ಬಳು ಇರಲಿಕ್ಕಿಲ್ಲ. ನಮ್ಮಲ್ಲಿ ಹೆಣ್ಣಿನ ಯೋಗ್ಯತೆಯನ್ನು ಮೊದಲು ಅಳೆಯುವುದು ಅವಳ ಅಂಗಳದಲ್ಲಿ, ಆಮೇಲೆ ಅಡುಗೆಮನೆಯಲ್ಲಿ. ಬೆಳಿಗ್ಗೆ ಏಳು ಗಂಟೆಯೊಳಗೆ ಹಿಡಿಸೂಡಿಯ, ಅಂದರೆ ಕಡ್ಡಿಪೊರಕೆಯ ಗೀರು ಮೂಡದಿದ್ದರೆ, ದಾರಿಯಲ್ಲಿ ಹೋಗುವವರು ಆ ಮನೆಯಲ್ಲಿ ಯಾರೋ ಮಲಗಿದಲ್ಲೇ ಇದ್ದಾರೆ ಎಂದುಕೊಳ್ಳುತ್ತಾರೆ. ಒಮ್ಮೆ ಬ್ರಹ್ಮಾವರದ ಬಸ್‌ಸ್ಟ್ಯಾಂಡಿನಲ್ಲಿ ನಾನು ಗಟ್ಟಿಮುಟ್ಟಾಗಿ ನಿಂತದ್ದನ್ನು ಕಂಡ ಪರಿಚಯದ ಹೆಂಗಸೊಬ್ಬರು ಹತ್ತಿರ ಬಂದು, ದನಿ ತಗ್ಗಿಸಿ, "ಈಗ ಅಡ್ಡಿಲ್ಯಾ?" ಎಂದು ಕೇಳಿದರು. ನನಗೆ ಯಾವ ಕಾಯಿಲೆಯೂ ಇರಲಿಲ್ಲ. ಅವರು ಬಸ್ಸಿನ ಕಿಟಕಿಯಿಂದ ನನ್ನ ಅಂಗಳ ನೋಡಿದ್ದರು, ಅಷ್ಟೆ.

ಈ ಹುಚ್ಚು ಹಿಡಿದದ್ದೂ ಒಂದು ಎಡವಟ್ಟಿನಿಂದಲೇ. ಕುಂದಾಪುರದಲ್ಲಿ ಮಲ್ಲಿಗೆ ಬೆಳೆಯುವ ತರಬೇತಿ ಇದೆಯೆಂದು ಹೋದವಳು ಕೋಣೆ ತಪ್ಪಿ ಇನ್ನೊಂದರಲ್ಲಿ ಕುಳಿತೆ. ಅಲ್ಲಿ ಪರ್ಮಾಕಲ್ಚರ್ ಎಂಬುದರ ಪಾಠ ನಡೆಯುತ್ತಿತ್ತು. ನಡುವೆ ಎದ್ದು ಹೋಗಲು ನಾಚಿಕೆ. ಮಣ್ಣನ್ನು ಬೆತ್ತಲೆ ಬಿಡಬಾರದು, ಬಿದ್ದ ಎಲೆ ಬಿದ್ದಲ್ಲೇ ಇರಲಿ, ಮನೆಯಿಂದ ಹೊರಬೀಳುವ ಪ್ರತಿಯೊಂದೂ ಯಾವುದಾದರೊಂದು ಗಿಡದ ಊಟವಾಗಬೇಕು ಎಂದು ಮೇಷ್ಟ್ರು ಹೇಳುತ್ತಿದ್ದರು. ಪರದೆಯ ಮೇಲೆ ಸ್ನಾನದ ನೀರು ಹರಿದು ಬಾಳೆಯ ಬುಡಕ್ಕೆ ಹೋಗುವ ಚಿತ್ರ ತೋರಿಸಿದಾಗ ನನಗೆ ನಗು ಬಂತು. ಅದು ನನ್ನ ಅಮ್ಮನ ಬಚ್ಚಲು. ಬಚ್ಚಲಿನ ನೀರು ಮೊದಲು ಕೆಸುವಿಗೆ, ಅಲ್ಲಿಂದ ಬಸಳೆ ಚಪ್ಪರಕ್ಕೆ, ಉಳಿದದ್ದು ಬಾಳೆಗೆ. ಅಮ್ಮ ಸಾಯುವವರೆಗೆ ಒಂದು ಕಟ್ಟು ಬಸಳೆ ಕೊಂಡವಳಲ್ಲ. ಅವಳು ಮಾಡುವಾಗ ಅದಕ್ಕೊಂದು ಹೆಸರಿರಲಿಲ್ಲ, ಹಾಗಾಗಿ ಯಾರೂ ಅವಳಿಗೆ ಚಪ್ಪಾಳೆ ತಟ್ಟಲಿಲ್ಲ. ಅದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಮಲ್ಲಿಗೆಯ ಕೋಣೆ ಎಲ್ಲಿತ್ತು ಎಂದು ನಾನು ಇವತ್ತಿನವರೆಗೂ ಹುಡುಕಿಲ್ಲ.

ಮನೆಗೆ ಬಂದವಳೇ ಹಿಡಿಸೂಡಿಯನ್ನು ಮನೆಯ ಮಾಡಿನ ಸಂದಿಗೆ ಸಿಕ್ಕಿಸಿದೆ. ಅಂಗಳದಲ್ಲಿ ಅಡ್ಡಡ್ಡ ತಗ್ಗು ತೆಗೆದು ತರಗೆಲೆ, ತೆಂಗಿನ ಸಿಪ್ಪೆ, ಅಡುಗೆಮನೆಯ ಕಸ ತುಂಬಿದೆ. ತೆಂಗಿನ ಮರಕ್ಕೆ ಕಾಳುಮೆಣಸು ಹಬ್ಬಿಸಿದೆ, ಅದರ ನೆರಳಿಗೆ ಅರಿಶಿನ, ಶುಂಠಿ, ಸುವರ್ಣಗೆಡ್ಡೆ. ಬಿಸಿಲು ಬೀಳುವಲ್ಲಿ ಹರಿವೆ, ಬೆಂಡೆ, ಬಚ್ಚಲಿನ ನೀರು ಹರಿಯುವಲ್ಲಿ ಅಮ್ಮನ ಹಾಗೆಯೇ ಬಸಳೆ. ಒಂದೆಲಗ ಕರೆಯದೆಯೇ ಬಂತು. ಮನೆಯ ಹಿಂದೆ ಬಾವಿ ಬಿಟ್ಟರೆ ಉಳಿದದ್ದೆಲ್ಲ ಕೆಂಪು ಪಾರೆ, ಗುದ್ದಲಿ ಹಾಕಿದರೆ ಗುದ್ದಲಿಯೇ ಬಾಗುತ್ತದೆ. ಹಾಗಾಗಿ ನನ್ನ ತೋಟ ಎಂದರೆ ಈ ಅಂಗಳವೇ. ಇದು ಹೋದರೆ ನನಗೆ ಬೇರೆ ಮಣ್ಣಿಲ್ಲ.

ಹೋಗುವ ಸಂದರ್ಭವೂ ಬಂತು. ನಮ್ಮದು ಎರಡು ಮನೆ, ಒಂದೇ ಅಂಗಳ. ಪಕ್ಕದ ಮನೆಯಲ್ಲಿರುವವರು ನನ್ನ ಯಜಮಾನರ ಅಣ್ಣ, ನನಗೆ ಭಾವ. ಬಹುಕಾಲ ಮುಂಬಯಿಯಲ್ಲಿ ಹೋಟೆಲು ನಡೆಸಿ ಊರಿಗೆ ಬಂದವರು. ನೆಲವೆಂದರೆ ದಿನಕ್ಕೆ ನಾಲ್ಕು ಸಲ ಒರೆಸಬೇಕಾದ ವಸ್ತು ಎಂಬುದು ಅವರ ನಂಬಿಕೆ. ಒಂದು ಬೆಳಿಗ್ಗೆ ಜಗಲಿಯಲ್ಲಿ ನಿಂತು ಕೇಳಿದರು. "ಎಂತ ಶಾರ್ದಾ ಇದ್? ಮನಿಯಾ, ಹಾಡಿಯಾ?" ಹಾಡಿ ಎಂದರೆ ನಮ್ಮಲ್ಲಿ ಊರ ಪಕ್ಕದ ಕಾಡು. "ನಾಳೆ ಹಾವ್ ಬಂದ್ ಒಳ್ಗ್ ಕೂಕಂತ್, ಕಾಣ್. ಈ ಬ್ಯಾಸ್ಗಿಯಂಗೇ ಇಡೀ ಅಂಗ್ಳಕ್ಕೆ ಇಂಟರ್‌ಲಾಕ್ ಹಾಕ್ಸುದೇ."

ಭಾವನ ಕಡೆಗೂ ನ್ಯಾಯವಿದೆ, ಇಲ್ಲವೆನ್ನುವುದಿಲ್ಲ. ಅವರ ಮನಸ್ಸಿನಲ್ಲಿರುವುದು ಅವರು ಹುಟ್ಟಿ ಬೆಳೆದ ಅಂಗಳ. ಆಗ ಮಳೆಗಾಲ ಮುಗಿಯುತ್ತಲೇ ಅಂಗಳ ಕೆತ್ತಿ, ನೀರು ಹಾಕಿ, ಹಲಗೆಯಲ್ಲಿ ಬಡಿದು, ಸೆಗಣಿ ಸಾರಿಸಿ ಕನ್ನಡಿ ಮಾಡುತ್ತಿದ್ದರು. ಯಾಕೆ? ಭತ್ತ ಬಡಿಯಲಿಕ್ಕೆ, ಒಣಗಿಸಲಿಕ್ಕೆ. ಒಂದು ಕಾಳು ಮಣ್ಣಿಗೆ ಸೇರಬಾರದು. ಅನ್ನ ಬೀಳುವ ಜಾಗವೆಂದು ಅಷ್ಟು ಚೊಕ್ಕಟ. ಈಗ ಯಂತ್ರ ಗದ್ದೆಯಲ್ಲೇ ಕೊಯ್ದು, ಬಡಿದು, ಚೀಲಕ್ಕೆ ತುಂಬಿ ಕೊಡುತ್ತದೆ. ಅಂಗಳಕ್ಕೆ ಬರುವುದು ಕಾರು ಮಾತ್ರ. ಕಾರಿಗಾಗಿ ನೆಲವನ್ನು ಅಷ್ಟು ಮಡಿಯಲ್ಲಿಡಲು ನನ್ನಿಂದಾಗದು. ನನ್ನ ಅಂಗಳಕ್ಕೆ ಇಂದಿಗೂ ಅನ್ನವೇ ಬೀಳುತ್ತಿದೆ, ಸ್ವಲ್ಪ ಬೇರೆ ದಾರಿಯಲ್ಲಿ.

ಇದನ್ನೆಲ್ಲ ಭಾವನ ಮುಂದೆ ಹೇಳಿದೆನೇ? ಇಲ್ಲ. ಮನೆಯವರಿಗೆ ಹೇಳಿದೆ. ಅವರು "ಅಣ್ಣ ಹೇಳ್ರ್ ಅಂದ್ರೆ ಮುಗೀತಲ್ದಾ ಮಾರಾಯ್ತಿ" ಎಂದು ಅಂಗಿ ಹಾಕಿಕೊಂಡು ಪೇಟೆಗೆ ಹೊರಟರು.

ಏಪ್ರಿಲಿನ ಒಂದು ದಿನ ಟೆಂಪೋದಲ್ಲಿ ಕಲ್ಲು ಬಂತು, ಹಿಂದೆಯೇ ಕೆಲಸದವರು ಬಂದರು. ನಾನು ಪ್ಲಾಸ್ಟಿಕ್ ಕುರ್ಚಿ ತಂದು, ಎರಡು ಮನೆಯ ನಡುವೆ, ಪಾಲಿನ ಗೆರೆ ಎಲ್ಲಿರಬಹುದೆಂದು ಅಂದಾಜು ಮಾಡಿ ಹಾಕಿದೆ. ಮಡಿಲಲ್ಲಿ ಮೊರದಂಥ ಗೆರಸೆಯಿಟ್ಟುಕೊಂಡು ಹರಿವೆ ಸೊಪ್ಪು ಬಿಡಿಸತೊಡಗಿದೆ.

"ಏಳ್ ಶಾರ್ದಾ, ಕೆಲ್ಸದವ್ರ್ ಬಂದಿರ್," ಎಂದರು ಭಾವ.

"ಬರ್ಲಿ ಭಾವ. ನಿಮ್ಮ್ ಬದಿಗೆ ಎಷ್ಟ್ ಬೇಕಾರೂ ಹಾಕ್ಸ್ಕಣಿ. ಈ ಕುರ್ಚಿ ಮಾತ್ರ ದಾಟುಕಾಗ."

ಮದುವೆಯಾಗಿ ಬಂದಂದಿನಿಂದ ಭಾವನಿಗೆ ನಾನು ಎದುರಾಡಿದ್ದು ಅದೇ ಮೊದಲು. ಧೈರ್ಯದಿಂದ ಕೂತಿದ್ದೆ ಎಂದು ಬರೆದುಕೊಳ್ಳಬಹುದು, ಆದರೆ ಸಂಜೆ ನೋಡಿದರೆ ಎಲೆಯನ್ನೆಲ್ಲ ನೆಲಕ್ಕೆ ಬಿಸಾಡಿ ಬೇರನ್ನು ಗೆರಸೆಯಲ್ಲಿ ಜೋಪಾನ ಮಾಡಿದ್ದೆ. ಕೆಲಸದವರು ಒಮ್ಮೆ ಭಾವನ ಮುಖ, ಒಮ್ಮೆ ನನ್ನ ಮುಖ ನೋಡಿ, ಕೊನೆಗೆ ಆ ಬದಿಯಿಂದಲೇ ಕಲ್ಲು ಜೋಡಿಸುತ್ತಾ ಬಂದರು. ಹನ್ನೊಂದು ಗಂಟೆಗೆ ಮನೆಯವರು ಪೇಟೆಯಿಂದ ಬಂದರು. ಅಣ್ಣನನ್ನು ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಒಳಗೆ ಹೋಗಿ, ತಾವೇ ಚಾ ಮಾಡಿ, ಎಲ್ಲರೆದುರು ನನ್ನ ಕುರ್ಚಿಯ ಹತ್ತಿರ ತಂದುಕೊಟ್ಟರು. ಸಕ್ಕರೆ ಮರೆತಿದ್ದರು. ನಮ್ಮ ದಾಂಪತ್ಯದಲ್ಲಿ ಅವರು ನನ್ನ ಪರವಾಗಿ ಮಾಡಿದ ಅತಿ ದೊಡ್ಡ ವಾದ ಆ ಸಪ್ಪೆ ಚಾ. ಸಂಜೆಯ ಹೊತ್ತಿಗೆ ಕಲ್ಲು ಕುರ್ಚಿಯ ಕಾಲಿಗೆ ಬಂದು ನಿಂತಿತು. ಆ ಕುರ್ಚಿಯನ್ನು ನಾನು ಆಮೇಲೂ ಅಲ್ಲಿಂದ ತೆಗೆಯಲಿಲ್ಲ.

ಗೆದ್ದೆನೆಂಬ ಸೊಕ್ಕು ಹೆಚ್ಚು ದಿನ ಉಳಿಯಲಿಲ್ಲ. ನಮ್ಮ ಕರಾವಳಿಯಲ್ಲಿ ತೆಂಗಿನ ಬುಡಕ್ಕೆ ಮೀನು ಹಾಕುವುದು ಹಿಂದಿನಿಂದ ಇದೆ. ತೆಂಗಿಗೆ ಆಗುವುದು ಕುಂಬಳಕ್ಕೆ ಯಾಕಾಗಬಾರದು ಎಂದು, ತ್ರಾಸಿ ಕಡೆಯಿಂದ ಬುಟ್ಟಿ ಹೊತ್ತು ಬರುವ ಮೀನಿನವಳ ಹತ್ತಿರ ಬೂತಾಯಿಯ ತಲೆ, ಕರುಳು ಕೇಳಿ ತೆಗೆದುಕೊಂಡೆ. ಮೊಣಕೈ ಆಳದ ಹೊಂಡ ತೋಡಬೇಕಿತ್ತು. ಗೇಣು ಆಳಕ್ಕೆ ಬೆನ್ನು ಸಾಕೆಂದಿತು. ಮಾರನೆಯ ಬೆಳಿಗ್ಗೆ ಊರ ನಾಯಿಗಳೆಲ್ಲ ಅದನ್ನು ಅಗೆದು ತೆಗೆದು, ಊಟಕ್ಕೆ ಚೊಕ್ಕಟ ಜಾಗ ಬೇಕೆಂದು ಭಾವನ ಹೊಸ ಇಂಟರ್‌ಲಾಕಿನ ಮೇಲೆ ಪಂಕ್ತಿ ಕೂತಿದ್ದವು. ಭಾವ ಜಗಲಿಗೆ ಬಂದು ನೋಡಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ನಾನು ಮಾಡಿನಿಂದ ಹಿಡಿಸೂಡಿ ಇಳಿಸಿ ಈ ತುದಿಯಿಂದ ಆ ತುದಿಯವರೆಗೆ ಗುಡಿಸಿ ತೊಳೆದುಕೊಟ್ಟೆ. ಈ ಮೂರು ವರ್ಷದಲ್ಲಿ ನಾನು ಗುಡಿಸಿದ ಅಂಗಳ ಅದೊಂದೇ.

ಮಳೆ ಬಂತು. ಭಾವನ ಕಲ್ಲಿನ ಮೇಲೆ ಬಿದ್ದ ನೀರಿಗೆ ಇಳಿಯಲು ಜಾಗವಿಲ್ಲದೆ ಅದು ಇತ್ತ ಹರಿದು ನನ್ನ ತಗ್ಗುಗಳಿಗೆ ತುಂಬಿತು. ಅವರ ಪಾಲಿನ ಮಳೆಯೂ ನನಗೇ. ಅವರ ಕಲ್ಲಿನಲ್ಲಿ ಪಾಚಿ ಬೆಳೆಯಿತು, ನನ್ನ ತಗ್ಗಿನಲ್ಲಿ ನಾಯಿಗಳು ಬಿಟ್ಟುಹೋದ ಮೀನಿನ ಸಾರಕ್ಕೆ ಕುಂಬಳದ ಬಳ್ಳಿ. ಆ ಬಳ್ಳಿಗೆ ಪಾಲಿನ ಗೆರೆ ಎಲ್ಲಿಯದು? ಬಿಸಿಲು ಹುಡುಕಿ ಕುರ್ಚಿಯ ಕಾಲು ಸುತ್ತಿ, ಆಚೆ ದಾಟಿ, ಚೌತಿಯ ಹೊತ್ತಿಗೆ ಭಾವನ ಮೆಟ್ಟಿಲೆದುರು, ಕಾರು ನಿಲ್ಲಿಸುವಲ್ಲೇ, ಒಂದು ಸಿಹಿಗುಂಬಳ ಬಿಟ್ಟಿತು. ಇವತ್ತು ಕೀಳುತ್ತಾರೆ, ನಾಳೆ ಕೀಳುತ್ತಾರೆ ಎಂದು ನಾನು ಕಿಟಕಿಯಲ್ಲಿ ಕಾದೆ. ಭಾವ ಎರಡು ದಿನ ಅದನ್ನು ದುರುಗುಟ್ಟಿ ನೋಡಿ, ಮೂರನೆಯ ದಿನ ಕಾರನ್ನು ಒಂದು ಮಾರು ಹಿಂದೆ ನಿಲ್ಲಿಸಿದರು.

ಮೊನ್ನೆ ಅವರ ಹೆಂಡತಿ, ನಾನು ಅಕ್ಕ ಎನ್ನುವವರು, ಆ ಗಡಿಯ ಕುರ್ಚಿಯಲ್ಲೇ ಬಂದು ಕೂತರು. "ಶಾರ್ದಾ, ನಿನ್ನ್ ಬಸಳೆ ಬಳ್ಳಿ ಒಂದೆರ್ಡ್ ತುಂಡ್ ಕೊಡ್. ನಮ್ಮ್ ಬಚ್ಚಲ್ ನೀರ್ ಸುಮ್ನೆ ಹೋತಾ ಇತ್ತ್."

"ಎಲ್ಲಿ ನೆಡ್ತ್ರಿ ಅಕ್ಕ? ಪೂರಾ ಕಲ್ಲಲ್ದಾ?"

"ಬಚ್ಚಲ್ ಹತ್ರ ನಾಲ್ಕ್ ಕಲ್ಲ್ ಎಬ್ಸಿ ಇಟ್ಟಿತ್ತ್."

"ಭಾವನಿಗ್ ಗೊತ್ತಿತ್ತಾ?"

ಅಕ್ಕ ಸೆರಗಿನಲ್ಲಿ ಬಾಯಿ ಒರೆಸಿಕೊಂಡರು. "ಎಬ್ಸಿದ್ದ್ ಅವ್ರೇ. ಒಣ ಸಿಗ್ಡಿ ಹಾಕಿ ಬಸಳೆ ಸಾರ್ ಮಾಡ್ದೆ ಎಷ್ಟ್ ದಿನ ಆಯ್ತ್ ಅಂದ್ರ್."

ಅವತ್ತೇ ಬಳ್ಳಿ ಕೊಟ್ಟೆ. ನೆಡಲು ನಾನೂ ಹೋದೆ. ಇಂಟರ್‌ಲಾಕಿನ ಗುಣ ನನಗೆ ಆಗ ತಿಳಿಯಿತು. ಅದಕ್ಕೆ ಸಿಮೆಂಟಿನ ಬಂಧವಿಲ್ಲ, ಒಂದನ್ನೊಂದು ಒತ್ತಿ ಹಿಡಿದಿರುವುದಷ್ಟೇ ಅದರ ಬಲ. ನಾಲ್ಕು ಎದ್ದುಹೋದ ಮೇಲೆ ಐದನೆಯದು ನನ್ನ ಕಾಲಡಿಯಲ್ಲಿ ಅಲುಗಾಡುತ್ತಿತ್ತು. ಭಾವ ಜಗಲಿಯಿಂದ ನೋಡುತ್ತಿದ್ದರು. ನಾನು ಅದನ್ನು ತುಳಿದು ಸರಿಮಾಡಲಿಲ್ಲ. ಅವರೂ ಮಾಡು ಎನ್ನಲಿಲ್ಲ.