‘ರಿ’ ಹಚ್ಚಿದ ಇಂಗ್ಲಿಷು

ಮೈಸೂರಿನಿಂದ ಹೊರಟ ರೈಲು ಹುಬ್ಬಳ್ಳಿ ಮುಟ್ಟಿದಾಗ ಬೆಳಗಾಗಿತ್ತು, ಜಿಟಿಜಿಟಿ ಮಳೆ ಹಿಡಿದಿತ್ತು. ಸ್ಟೇಷನ್ನಿನ ಹೊರಗೆ ಆಟೋದವರು ನವನಗರಕ್ಕೆ ಮುನ್ನೂರು ಕೇಳಿದರು. ಯಾಕಷ್ಟು ಎಂದೆ. ಮಳೆ ತೋರಿಸಿದರು. ಮಳೆಗೂ ಮೀಟರಿಗೂ ಏನು ಸಂಬಂಧ ಎಂದು ವಾದಕ್ಕೆ ನಿಲ್ಲುವ ಹುಕಿ ಬಂದರೂ ಹಸಿವು ಜೋರಾಗಿದ್ದರಿಂದ ಬಸ್ಸು ಹತ್ತಿದೆ. ‘ಟಿಕೀಟ ತೊಗೋರಿ, ಟಿಕೀಟ’ ಎನ್ನುತ್ತ ಬಂದ ಕಂಡಕ್ಟರು ನನ್ನ ಆಧಾರ್ ನೋಡಿ, ಹೆಂಗಸರಿಗೆ ಕೊಡುವ ಸೊನ್ನೆ ರೂಪಾಯಿಯ ಚೀಟಿ ಹರಿದುಕೊಟ್ಟರು. ನಮ್ಮ ಮೈಸೂರಿನ ‘ಟಿಕೆಟ್ಟು’ ತುದಿಯಲ್ಲೊಂದು ಉಕಾರ ಹೊತ್ತುಕೊಂಡಿರುತ್ತದೆ. ಇಲ್ಲಿಯದು ನಡುವೆ ಉದ್ದಕ್ಕೆ ಎಳೆದು ಅಕಾರದಲ್ಲಿ ಇಳಿಯುತ್ತದೆ. ಉಣಕಲ್ ಕೆರೆ ಬೂದುಬಣ್ಣದಲ್ಲಿ ಕಿಟಕಿ ದಾಟುವವರೆಗೂ ರೋಡ, ಸ್ಟಾಪ, ಕಾಲೇಜ ಎಂಬ ಮಾತುಗಳನ್ನು ಕೇಳುತ್ತ ಕೂತೆ.

ಬಂದದ್ದು ಒಂದು ಕೆಲಸಕ್ಕೆ. ಕಾಲೇಜಿನಲ್ಲಿದ್ದಾಗ ಚರ್ಚಾಸ್ಪರ್ಧೆಗಳಲ್ಲಿ ಕಾದಾಡಿ ಬಾಯಿ ಹರಿತ ಮಾಡಿಕೊಂಡು, ಈಗ ಮೈಸೂರಿನ ಹುಡುಗರ ಚರ್ಚಾತಂಡವೊಂದನ್ನು ತಯಾರು ಮಾಡುವವಳು ನಾನು. ಕಾಲೇಜಿನಲ್ಲಿ ನನ್ನ ಜೊತೆ ಓದಿದ ವಿದ್ಯಾಳ ಚಿಕ್ಕಮ್ಮನ ಮಗಳು ಸವಿತಾ; ಹತ್ತಿರದ ಸುಳ್ಳ ಎಂಬ ಹಳ್ಳಿಯ ಒಕ್ಕಲುತನದ ಮನೆಯವಳು, ನವನಗರದಲ್ಲಿ ದೊಡ್ಡವ್ವನ ಮನೆಯಲ್ಲಿದ್ದು ಧಾರವಾಡದಲ್ಲಿ ಬಿ.ಎ. ಓದುತ್ತಾಳೆ. ಮರುದಿನ ಅವಳದೊಂದು ಇಂಗ್ಲಿಷ್ ಚರ್ಚಾಸ್ಪರ್ಧೆ. ಮೊದಲ ಇಬ್ಬರು ಮೈಸೂರಿನಲ್ಲಿ ನಡೆಯುವ ರಾಜ್ಯಮಟ್ಟದ ಸ್ಪರ್ಧೆಗೆ ಹೋಗುತ್ತಾರೆ. ಹೋದ ವರ್ಷ ಇದೇ ಸ್ಪರ್ಧೆಯಲ್ಲಿ ಅವಳ ಉಚ್ಚಾರಕ್ಕೆ ಸಭೆಯೆಲ್ಲ ನಕ್ಕು, ಅವಳು ಅರ್ಧ ಮಾತಿಗೇ ಕೆಳಗಿಳಿದಿದ್ದಳು. ಈ ಸಲವೂ ಹಾಗಾದರೆ ಇನ್ನು ಮೈಕು ಮುಟ್ಟುವುದಿಲ್ಲ ಎಂದಿದ್ದಾಳೆ, ನೀನೇ ತಯಾರು ಮಾಡಬೇಕು ಎಂದು ವಿದ್ಯಾ ಫೋನು ಮಾಡಿದ್ದಳು.

ನವನಗರದ ಮನೆಯಲ್ಲಿ ವಿದ್ಯಾಳ ತಾಯಿಯನ್ನು ಆಂಟಿ ಎಂದೆ. “ಆಂಟಿ ಅಂದ್ರ ಎರಡ ರೊಟ್ಟಿ, ಕಾಕು ಅಂದ್ರ ಹೊಟ್ಟಿ ತುಂಬ” ಎಂದರು. ಕಾಕು ಎಂದೆ. ಬಿಸಿ ಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ, ಗಡ್ಡೆ ಮೊಸರು. ಮೂರನೆಯ ರೊಟ್ಟಿಗೆ ಸಾಕೆಂದೆ. ಆ ವಾದವನ್ನು ಯಾರೂ ಪರಿಗಣಿಸಲಿಲ್ಲ.

ಊಟವಾದ ಮೇಲೆ ಸವಿತಾಳಿಗೆ ನನ್ನ ಸಿದ್ಧಾಂತ ಬಿಚ್ಚಿಟ್ಟೆ. ಸರಿಯಾದ ಉಚ್ಚಾರ ಅಂತ ಒಂದಿಲ್ಲ, ಇಂಗ್ಲಿಷರಲ್ಲೇ ಊರಿಗೊಂದು ಬಗೆ, ನಕ್ಕವರೇ ದಡ್ಡರು, ಇತ್ಯಾದಿ. ಅವಳು ಪೂರ್ತಿ ಕೇಳಿದಳು. ನಾನು ಎಕ್ಸಾಮಿಗೆ ‘ಯೆಕ್ಸಾಮು’ ಅನ್ನುವುದನ್ನೂ ಓನ್ಲಿಗೆ ‘ವೋನ್ಲಿ’ ಅನ್ನುವುದನ್ನೂ ಅಷ್ಟರಲ್ಲೇ ಗುರುತಿಸಿಕೊಂಡಿದ್ದಳು. ಎರಡನ್ನೂ ಮೆಲ್ಲಗೆ ನನಗೇ ಅಂದು ತೋರಿಸಿದಳು. ಕಾಕು ಸೆರಗಿನಲ್ಲಿ ನಗು ಒರೆಸಿಕೊಂಡರು.

“ನಿಮ್ಮ ಮಾತು ಖರೇ ಐತ್ರಿ ಅಕ್ಕಾರ,” ಎಂದಳು ಸವಿತಾ. “ಆದ್ರ ಮಂದಿ ನಕ್ಕದ್ದು ನನ್ನ ನೋಡಿ. ನಿಮ್ಮನ್ನ ನೋಡಿ ಅಲ್ಲ.”

ಅವಳಿಗೆ ಬೇಕಾದದ್ದು ಸಿದ್ಧಾಂತವಲ್ಲ, ತಿದ್ದುವವರು. ಸರಿ ಎಂದು ತಿದ್ದಲು ಕೂತೆ. ವಿಷಯ ಊರಿನ ಬಸ್ಸು ಎಲ್ಲರಿಗೂ ಉಚಿತವಾಗಬೇಕು ಎನ್ನುವುದು, ಅವಳು ಪರ. ಸಂಜೆಯ ಹೊತ್ತಿಗೆ ಟಿಕೀಟ ಹೋಗಿ ಟಿಕೆಟ್ ಆಯಿತು. ಹೋಗದೆ ಉಳಿದದ್ದು ಒಂದೇ, ‘ರಿ’. ‘ನೋ ರಿ’, ‘ಯೆಸ್ ರಿ’, ‘ಯು ಆರ್ ರಾಂಗ್ ರಿ’. ಎದುರಾಳಿಗೆ ಅಷ್ಟು ಮರ್ಯಾದೆ ಕೊಟ್ಟರೆ ವಾದ ಮೊಂಡಾಗುತ್ತದೆ, ಕಿತ್ತುಹಾಕು ಎಂದೆ. ಪ್ರಯತ್ನಿಸಿದಳು. ‘ರಿ’ ಬಿಟ್ಟ ಕೂಡಲೇ ನಾಲಿಗೆಯೇ ಕಟ್ಟಿದವಳ ಹಾಗೆ ನಿಂತಳು.

“ಬೈಯೂದಾದ್ರೂ ರಿ ಹಚ್ಚೇ ಬೈತೇವ್ರಿ ನಾವು,” ಎಂದಳು ಸೋತು.

ಮರುದಿನ ಧಾರವಾಡದಲ್ಲಿ ಮಳೆ ನಿಂತು ಎಳೆಬಿಸಿಲು ಬಂದಿತ್ತು. ಕಾಲೇಜಿನ ಸಭಾಂಗಣ ತುಂಬಿತ್ತು. ನಾನು ಮೂರನೆಯ ಸಾಲಿನಲ್ಲಿ ಕೂತೆ. ಸವಿತಾ ಚೆನ್ನಾಗಿಯೇ ಶುರು ಮಾಡಿದಳು. ಒಂದೇ ಮನೆಯಿಂದ ಒಂದೇ ಬಸ್ಸು ಹತ್ತುವ ಅಕ್ಕನಿಗೆ ಸೊನ್ನೆ, ತಮ್ಮನಿಗೆ ಪೂರ್ತಿ ದುಡ್ಡು. ಕೈ ಬಿಗಿಯಾದ ತಿಂಗಳು ಓದು ನಿಲ್ಲುವುದು ಯಾರದು ಎಂದು ಕೇಳಿದಳು. ಹಾಗೆ ಕಾವೇರಿದಾಗ, ತಿದ್ದಿದ್ದೆಲ್ಲ ಜಾರಿ ‘ಟಿಕೀಟ’ ಹೊರಬಿತ್ತು.

ಎದುರಾಳಿ ಟೈ ಕಟ್ಟಿದ ಹುಡುಗ, ನುಣುಪಾದ ಇಂಗ್ಲಿಷು. ಎದ್ದವನೇ ಅವಳದೇ ಧಾಟಿಯಲ್ಲಿ ‘ಟಿಕೀಟ’ ಎಂದು ಎಳೆದು ನಿಲ್ಲಿಸಿದ. ಸಭೆ ನಕ್ಕಿತು. ಹೋದ ವರ್ಷದ್ದೇ ನಗು ಇರಬೇಕು. ಸವಿತಾಳ ಎರಡೂ ಕೈ ಮೇಜಿನ ಅಂಚು ಹಿಡಿದವು. ಇಳಿದುಬಿಡುತ್ತಾಳೆ ಎಂದುಕೊಂಡೆ. ನಗು ಮುಗಿಯುವವರೆಗೂ ಅವಳು ಕಾದಳು. ಆಮೇಲೆ, ಮನೆಗೆ ಬಂದವರಿಗೆ ನೀರು ಬೇಕೇ ಎಂದು ಕೇಳುವ ದನಿಯಲ್ಲಿ, “ಯೆಸ್ ರಿ, ಟಿಕೀಟ,” ಎಂದಳು. “ನೌ ಯುವರ್ ಪಾಯಿಂಟ್, ಪ್ಲೀಸ್ ರಿ.”

ಹುಡುಗನ ಬಳಿ ಪಾಯಿಂಟು ಇರಲಿಲ್ಲ. ಸಭೆ ಮತ್ತೆ ನಕ್ಕಿತು, ಈ ಸಲ ಬೇರೆ ಕಡೆಗೆ ತಿರುಗಿ. ಆ ‘ರಿ’ಯನ್ನು ಕಿತ್ತುಹಾಕಲು ನಾನು ಒಂದಿಡೀ ಸಂಜೆ ಒದ್ದಾಡಿದ್ದೆ. ಅದಿಲ್ಲದೆ ಆ ಮಾತು ಬರೀ ಜಗಳವಾಗುತ್ತಿತ್ತು. ಅದಿದ್ದದ್ದರಿಂದ ಹುಡುಗನಿಗೆ ಸಿಟ್ಟಾಗುವುದಕ್ಕೂ ದಾರಿ ಇರಲಿಲ್ಲ.

ಅವಳಿಗೆ ಎರಡನೆಯ ಸ್ಥಾನ ಬಂತು. ಮೈಸೂರು ಖಾತ್ರಿ. ಆದರೂ ಮೊದಲನೆಯದು ಯಾಕಿಲ್ಲ ಎಂದು ನಾನು ತೀರ್ಪುಗಾರರಲ್ಲಿ ಹಿರಿಯರೊಬ್ಬರ ಬಳಿ ಹೋದೆ. ವಾದ ಉತ್ತಮ, ಉಚ್ಚಾರಕ್ಕೆ ಅಂಕ ಕಡಿಮೆ ಮಾಡಬೇಕಾಯಿತು ಎಂದು ಸಮಾಧಾನದಿಂದ ಹೇಳಿದರು. ಯಾರ ಕಿವಿ ಅಳತೆಗೋಲು ಸರ್ ಎಂದು ಶುರು ಮಾಡುವಷ್ಟರಲ್ಲಿ ಸವಿತಾ ನನ್ನ ತೋಳು ಜಗ್ಗಿದಳು.

“ಬಿಡ್ರಿ ಅಕ್ಕಾರ, ಹಿರೇರ ಅದಾರ.”

ಬಿಟ್ಟೆ. ಹೊರಗೆ ಗಾಡಿಯ ಬಳಿ ನಿಂತು ಮಂಡಕ್ಕಿ ಕಲಸಿದ ಗಿರ್ಮಿಟ್ ತಿಂದೆವು, ಮೇಲೆ ಎರಡು ಮಿರ್ಚಿ ಬಜ್ಜಿ. ಖಾರಕ್ಕೆ ನನ್ನ ಕಣ್ಣಲ್ಲಿ ನೀರು; ಸವಿತಾಳ ಕಣ್ಣಲ್ಲೂ ಇತ್ತು, ಅವಳು ಮಿರ್ಚಿ ಇನ್ನೂ ಮುಟ್ಟಿರಲಿಲ್ಲ.

ಸಂಜೆ ಹುಬ್ಬಳ್ಳಿ ಸ್ಟೇಷನ್ನಿಗೆ ಅವಳೇ ಕಳಿಸಲು ಬಂದಳು, ಕಾಕು ಕಟ್ಟಿಕೊಟ್ಟ ರೊಟ್ಟಿ ಚಟ್ನಿಯ ಗಂಟು ಹೊತ್ತು. ರೈಲು ಬಿಡುವ ಮುಂಚೆ ಕಿಟಕಿಗೆ ಬಗ್ಗಿ, ಮೈಸೂರಿನ ಮಂದಿಯೂ ನಗುತ್ತಾರೇನು ಎಂದು ಕೇಳಿದಳು. ಸುಳ್ಳು ಹೇಳುವುದು ನನ್ನಿಂದಾಗಲಿಲ್ಲ. ನಗುತ್ತಾರೆ ಎಂದೆ.

ಗಂಟನ್ನು ನನ್ನ ಕೈಗೆ ದಾಟಿಸಿದಳು. “ನಗಲಿ ಬಿಡ್ರಿ. ನಕ್ಕು ಮುಗಿದ ಮ್ಯಾಲೆ ಪಾಯಿಂಟ್ ಕೇಳತೇನಿ.”

ರೈಲು ಹೊರಟಿತು. ಪ್ಲಾಟ್‌ಫಾರ್ಮಿನಲ್ಲಿ ಅವಳ ಎತ್ತಿದ ಕೈ ಕಾಣುವವರೆಗೆ ನೋಡಿ, ಮೊಬೈಲು ತೆಗೆದು ನಮ್ಮೂರಿನ ಚರ್ಚಾತಂಡದ ಹುಡುಗರಿಗೆ ಬರೆದೆ: ಧಾರವಾಡದಿಂದ ಒಬ್ಬಳು ಬರುತ್ತಿದ್ದಾಳೆ. ನಗುವುದಾದರೆ ಪಾಯಿಂಟು ಇಟ್ಟುಕೊಂಡು ನಗಿ.