ಅತ್ತೆಯ ಹೊಟ್ಟೆಗೆ ಒಪ್ಪುವ ತಿರುವು

ಬೀದಿದೀಪಗಳು ಇನ್ನೂ ಆರಿಲ್ಲ. ಮೂರನೇ ಮಹಡಿಯ ಕಚೇರಿಯಲ್ಲಿ ಒಂದೇ ಒಂದು ಕಂಪ್ಯೂಟರ್ ಬೆಳಗುತ್ತಿದೆ. ಅದರ ಮುಂದೆ ಸ್ವೆಟರ್ ತೊಟ್ಟು ಕುಳಿತ ಹೆಂಗಸು ಪರದೆಯ ಮೇಲಿನ ಕೆಂಪು ಗೆರೆಯನ್ನು ಮೌಸಿನಿಂದ ಕೂದಲೆಳೆಯಷ್ಟು ಎಡಕ್ಕೆ ಎಳೆಯುತ್ತಾರೆ. ತಲೆ ಓರೆ ಮಾಡಿ ನೋಡುತ್ತಾರೆ. ಸಮಾಧಾನವಿಲ್ಲ. ಮತ್ತೆ ಚೂರು ಬಲಕ್ಕೆ ತಳ್ಳುತ್ತಾರೆ. ಇವರ ಕೆಲಸ ನೋಡಲೆಂದು ಬಂದಿರುವ ನನಗಂತೂ ಎರಡೂ ಒಂದೇ ಥರ ಕಾಣುತ್ತವೆ. ಹಾಗೆಂದು ಹೇಳಿಯೂ ಬಿಡುತ್ತೇನೆ.

"ಕಣ್ಣಿಗೆ ಗೊತ್ತಾಗಲ್ಲ ಬಿಡಿ, ಹೊಟ್ಟೆಗೆ ಗೊತ್ತಾಗುತ್ತೆ" ಎನ್ನುತ್ತಾರೆ ಅವರು, ಪರದೆಯಿಂದ ಕಣ್ಣು ತೆಗೆಯದೆ.

ರಸ್ತೆ, ರೈಲುಹಳಿಗಳ ತಿರುವುಗಳನ್ನು ಕಂಪ್ಯೂಟರ್ ನಕ್ಷೆಯಲ್ಲಿ ಕೈಯಾರೆ ತಿದ್ದುವುದು ಇವರ ಕಸುಬು. ಕಚೇರಿಯಲ್ಲಿ ಎಲ್ಲರಿಗೂ ಇವರು 'ತಿರುವಕ್ಕ'. ಎಲ್ಲಿಂದ ಎಲ್ಲಿಗೆ ಎಂದು ಹೇಳಿದರೆ ಸಾಫ್ಟ್‌ವೇರ್ ತಾನೇ ದಾರಿ ಎಳೆದುಕೊಡುತ್ತದೆ, ನಿಯಮವನ್ನೂ ಚಾಚೂ ತಪ್ಪದೆ ಪಾಲಿಸುತ್ತದೆ. ಆದರೆ ನೇರ ದಾರಿ ಮುಗಿದು ತಿರುವು ಶುರುವಾಗುವಲ್ಲಿ ಬಸ್ಸು ಗಕ್ಕನೆ ವಾಲಬಾರದು, ಮೆಲ್ಲಗೆ ಹೊರಳಬೇಕು. ಆ 'ಮೆಲ್ಲಗೆ' ತಿರುವಕ್ಕನ ಪಾಲಿನದು. ದಿನಕ್ಕೆ ಹತ್ತು ಹನ್ನೆರಡು ತಿರುವು ಇವರ ಕೈ ದಾಟಿ ಹೋಗುತ್ತವೆ. ಎಲ್ಲರೂ ಬಂದು ಕುಳಿತರೆ ಕಂಪ್ಯೂಟರ್ ಆಮೆಯಾಗುವುದರಿಂದ ಇವರದು ಬೆಳಗಿನ ಜಾವದ ಪಾಳಿ.

ಹಿಂದೆ ಇವರು ಕಾಗದದ ಮೇಲೆ ನಕ್ಷೆ ಬರೆಯುತ್ತಿದ್ದವರು. ಕಂಪ್ಯೂಟರ್ ಬಂದಾಗ ಜೊತೆಯವರು ಅನೇಕರು ಮನೆಗೆ ಹೋದರು. ಇವರು ಮಗಳ ಹತ್ತಿರ ಬೈಸಿಕೊಂಡು ಮೌಸ್ ಹಿಡಿಯುವುದನ್ನು ಕಲಿತರು.

"ಇದು ಗಿಡ್ಡ ಕಂಬಳಿ ಹೊದ್ದ ಹಾಗೆ. ತಲೆ ಕಡೆ ಎಳೆದ್ರೆ ಕಾಲು ಹೊರಗೆ. ಒಂದು ತಿರುವು ಸರಿಸಿದ್ರೆ ಪಕ್ಕದ್ದೂ ಸರಿಯುತ್ತೆ. ಅಲ್ಲಾಡಬಾರದ್ದಕ್ಕೆ ಮೊದಲು ಬೀಗ ಹಾಕ್ಬೇಕು."

ಒಮ್ಮೆ ಬೀಗ ಮರೆತರು. ಮೇಲಿನ ತಿರುವನ್ನು ಚೆಂದ ಮಾಡುವ ಸಡಗರದಲ್ಲಿ ಕೆಳಗಿನ ರಸ್ತೆ ತಾನೂ ಜರುಗಿ, ಕಟ್ಟಿ ಮುಗಿದಿದ್ದ ಸೇತುವೆಯನ್ನು ಬಿಟ್ಟು ಸೀದಾ ಹೊಳೆಗೆ ಇಳಿದಿತ್ತು. ನಕ್ಷೆ ಕಚೇರಿ ದಾಟುವ ಮೊದಲೇ ಸಿಕ್ಕಿಬಿದ್ದದ್ದು ಪುಣ್ಯ. ಅಂದಿನಿಂದ ಕೆಲಸ ಮುಗಿಸುವಾಗಲೆಲ್ಲ "ಸೇತುವೆ ಅಲ್ಲೇ ಇದ್ಯಾ?" ಎಂದು ತಮಗೆ ತಾವೇ ಗಟ್ಟಿಯಾಗಿ ಕೇಳಿಕೊಳ್ಳುತ್ತಾರೆ. ಇಡೀ ಕಚೇರಿ "ಇದೆ ಅಕ್ಕಾ" ಎಂದು ರಾಗ ಎಳೆಯುತ್ತದೆ.

ಇನ್ನು ಆ ಹೊಟ್ಟೆ ಯಾರದೆಂದರೆ, ಇವರ ಅತ್ತೆಯದು. ಬಸ್ಸು ಹತ್ತಿದರೆ ಸಾಕು, ಅವರಿಗೆ ಹೊಟ್ಟೆ ತೊಳಸುತ್ತದೆ. ಗುಡ್ಡದಾಚೆ ಅವರ ಅಕ್ಕ ಇದ್ದಾರೆ. ಅಕ್ಕತಂಗಿಯರು ಮುಖ ನೋಡಿ ವರ್ಷಗಳಾದವು, ಮಾತೆಲ್ಲ ಫೋನಿನಲ್ಲೇ. ಈಚೆಗೆ ಅಕ್ಕನ ಕಿವಿ ಮಂದವಾಗಿ ಅದೂ ನಿಂತಿದೆ. ಅಷ್ಟರಲ್ಲಿ ಗುಡ್ಡದ ರಸ್ತೆಯನ್ನು ಹೊಸದಾಗಿ ಮಾಡುವ ನಕ್ಷೆ ತಿರುವಕ್ಕನ ಮೇಜಿಗೇ ಬಂತು.

ಕೊನೆಯ ತಿರುವು ಮಾತ್ರ ಜಪ್ಪಯ್ಯ ಎಂದರೂ ಬಗ್ಗಲಿಲ್ಲ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಊರಿನ ನೀರಿನ ಟ್ಯಾಂಕು. ನಿಯಮಕ್ಕೆ ಸರಿಯಾಗಿದೆಯಲ್ಲ, ಬಿಡಿ ಎಂದರಂತೆ ಎಂಜಿನಿಯರ್.

"ನಿಯಮ ಸರಿ ಸಾರ್. ನಮ್ಮತ್ತೆ ವಾಂತಿ ಮಾಡ್ಕೊಂಡ್ರೆ ನಿಯಮ ಬಂದು ಒರೆಸುತ್ತಾ?"

ಎಂಜಿನಿಯರ್ ನಕ್ಕು ಇನ್ನೆರಡು ದಿನ ಕೊಟ್ಟರು. ಮೇಲಿನ ತಿರುವಿನಲ್ಲಿ ಸ್ವಲ್ಪ ಜಾಗ ಸಡಿಲವಿತ್ತು. ಅದನ್ನು ಚೂರುಚೂರೇ ಕೆಳಕ್ಕೆ ತಂದು ತಿರುವಕ್ಕ ಕೊನೆಯ ತಿರುವನ್ನು ಉದ್ದ ಮಾಡಿದರು. ಬಂಡೆಯೂ ಉಳಿಯಿತು, ಟ್ಯಾಂಕೂ ಉಳಿಯಿತು.

ರಸ್ತೆ ಈಗ ತೆರೆದಿದೆ. ಈ ಭಾನುವಾರ ಅತ್ತೆ ಸೊಸೆಯ ಜೊತೆ ಬಸ್ಸು ಹತ್ತಿದ್ದಾರೆ. ಹಿಂದಿನ ಸೀಟಿನಲ್ಲಿ ನಾನು. "ನಿನ್ನ ಮಾತು ನಂಬಿ ಬಂದಿದೀನಿ ನೋಡು" ಎಂದು ಸೊಸೆಯನ್ನು ಎಚ್ಚರಿಸಿ, ಮೂಗಿಗೆ ಸೆರಗು ಹಿಡಿದು ಕುಳಿತಿದ್ದಾರೆ. ಸೊಸೆ ರಸ್ತೆಯನ್ನು ನೋಡುತ್ತಲೇ ಇಲ್ಲ, ಅತ್ತೆಯ ಮುಖವನ್ನೇ ನೋಡುತ್ತಿದ್ದಾರೆ. ನಾಕಾರು ತಿರುವು ಕಳೆದ ಮೇಲೆ ಸೆರಗು ಜಾರುತ್ತದೆ, ಅಕ್ಕನ ಮೇಲಿನ ಹಳೆಯ ದೂರುಗಳು ಒಂದೊಂದಾಗಿ ಹೊರಬೀಳುತ್ತವೆ. ಚಿಕ್ಕಂದಿನಲ್ಲಿ ಜಡೆ ಎಳೆದದ್ದು, ಒಳ್ಳೆಯ ಹಾಸಿಗೆಯನ್ನು ತಾನೇ ಇಟ್ಟುಕೊಂಡದ್ದು. ಬಂಡೆ ಬರುತ್ತದೆ, ಟ್ಯಾಂಕು ಬರುತ್ತದೆ, ಮಾತು ನಿಲ್ಲುವುದಿಲ್ಲ.

ಬಸ್ಸು ನಿಧಾನವಾದಾಗ ಅತ್ತೆಗೆ ಥಟ್ಟನೆ ನೆನಪಾಗುತ್ತದೆ.

"ಆ ಹಾಳು ತಿರುವು ಇನ್ನೆಷ್ಟು ದೂರ ಇದೆ? ಮೊದಲೇ ಹೇಳು, ಕಣ್ಣು ಮುಚ್ಕೋತೀನಿ."

"ಅದು ಆಗಲೇ ಹೋಯ್ತು ಅತ್ತೆ. ಇಳೀರಿ, ನಿಮ್ಮಕ್ಕ ನಿಂತಿದ್ದಾರೆ."